ಕೊಂಡಿ ಬಿಚ್ಚಿದ್ದು ಯಾರು

ಆ ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ನಾಯಿಯೊಂದೇ ಮನೆಗೆ ವಾಪಸು ಬಂತು. ಅದನ್ನು ತಿರುಗಾಡಿಸಲು ಹೊಳೆ ಕಡೆಗೆ ಕರೆದುಕೊಂಡು ಹೋಗಿದ್ದ ಹೆಂಗಸು ಬರಲಿಲ್ಲ.

ನಾನು ಗೌರಿಬಿದನೂರಿನ ಹತ್ತಿರದ ಒಂದು ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೇನೆ. ಡಾಕ್ಟರಲ್ಲ. ಡಾಕ್ಟರಿಗೆ ಸಹಾಯಕಿಯಾಗಿ ದನಗಳಿಗೆ ಸೂಜಿ ಹಾಕುವುದು, ಗಾಯಕ್ಕೆ ಕಟ್ಟು ಕಟ್ಟುವುದು, ಕುರಿಗಳಿಗೆ ಹುಳದ ಔಷಧಿ ಕುಡಿಸುವುದು ನನ್ನ ಕೆಲಸ. ಆದರೆ ಇಪ್ಪತ್ತು ವರ್ಷದಿಂದ ಸುತ್ತಲಿನ ಹಳ್ಳಿಯವರೆಲ್ಲ ನನ್ನನ್ನು ಡಾಕ್ಟ್ರಮ್ಮ ಅಂತಲೇ ಕರೆಯುತ್ತಾರೆ. ಮೊದಮೊದಲು "ನಾನು ಡಾಕ್ಟ್ರಲ್ಲಪ್ಪ" ಎನ್ನುತ್ತಿದ್ದೆ. ಆಮೇಲೆ ಹೇಳುವುದನ್ನು ಬಿಟ್ಟೆ. ನಿಜ ಹೇಳಬೇಕೆಂದರೆ, ಹಾಗೆ ಕರೆಸಿಕೊಳ್ಳುವುದು ನನಗೆ ಹಿತವಾಗಿತ್ತು. ಮುಂದೆ ನಡೆದದ್ದರಲ್ಲಿ ಆ ಹಿತದ ಪಾಲೂ ಇದೆ.

ಕಾಣೆಯಾದ ಹೆಂಗಸು ನನಗೆ ಗೊತ್ತಿದ್ದವಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ನಾನು ಅಕ್ಕಾ ಎನ್ನುತ್ತಿದ್ದೆ. ಸಣಕಲು ಮೈ, ಹಣೆಯ ನಡುವೆ ಹಚ್ಚೆಯ ಬೊಟ್ಟು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಗಾರ್ಮೆಂಟ್ಸಿಗೆ ಹೋಗುವ ಒಬ್ಬಳೇ ಮಗಳ ಜೊತೆ ಇದ್ದಳು. ಬಡಾವಣೆಯ ಒಂದು ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದಳು. ನಿವೃತ್ತರಾದ ಗಂಡಹೆಂಡತಿ ಇಬ್ಬರೇ ಇದ್ದ ಮನೆ ಅದು. ಯಜಮಾನರಿಗೆ ಹೃದಯದ ಆಪರೇಷನ್ ಆಗಿತ್ತು, ಯಜಮಾನಿಗೆ ಮಂಡಿನೋವು. ಹಾಗಾಗಿ ಅವರ ನಾಯಿಯನ್ನು ಬೆಳಿಗ್ಗೆ ತಿರುಗಾಡಿಸುವ ಕೆಲಸವೂ ಇವಳ ಪಾಲಿಗೆ ಬಂದಿತ್ತು. ಬಿಸ್ಕತ್ತಿನ ಬಣ್ಣದ, ತಿಂದು ತಿಂದು ದಪ್ಪಗಾದ ಜಾತಿನಾಯಿ. ಹುಚ್ಚುನಾಯಿ ರೋಗದ ಸೂಜಿ ಹಾಕಿಸಲು ವರ್ಷಕ್ಕೊಮ್ಮೆ ಇವಳೇ ಅದನ್ನು ನಮ್ಮಲ್ಲಿಗೆ ಆಟೋದಲ್ಲಿ ತರುತ್ತಿದ್ದಳು. ಮೇಜಿನ ಮೇಲೆ ನಿಲ್ಲಿಸಿ ಅದರ ಕಿವಿಯ ಹತ್ತಿರ ಬಾಗಿ, "ಕೂಚೋ ಬಂಗಾರು, ಏಂ ಕಾದು" ಎಂದು ತೆಲುಗಿನಲ್ಲಿ ಸಮಾಧಾನ ಮಾಡುತ್ತಿದ್ದಳು.

"ಅಕ್ಕಾ, ಇದಕ್ಕೆ ಕನ್ನಡ ಬರಲ್ವಾ?" ಎಂದು ಒಮ್ಮೆ ತಮಾಷೆ ಮಾಡಿದ್ದೆ.

"ಅವ್ರ ಮನೇಲಿ ಇಂಗ್ಲಿಷ್ನಾಗೆ ಮಾತಾಡಿಸ್ತಾರಮ್ಮ. ನಂಗೆ ಅದು ಬರಲ್ಲ. ಅದಕ್ಕೇ ನಮ್ಮಮ್ಮನ ಭಾಷೆ ಕಲಿಸ್ಬಿಟ್ಟೆ" ಎಂದು ನಕ್ಕಿದ್ದಳು. ಅವಳ ತವರು ಗಡಿಯಾಚೆ, ಹಿಂದೂಪುರದ ಕಡೆಯ ಹಳ್ಳಿ.

ಆ ವರ್ಷ ಮಳೆ ಚೆನ್ನಾಗಿತ್ತು. ಬೇರೆ ವರ್ಷಗಳಲ್ಲಿ ಬರೀ ಮರಳು, ಜಾಲಿಮುಳ್ಳು ಕಾಣುವ ಉತ್ತರ ಪಿನಾಕಿನಿಯಲ್ಲಿ ನೀರು ಹರಿಯುತ್ತಿತ್ತು, ಚೆಕ್ ಡ್ಯಾಮ್ ಕೋಡಿ ಬಿದ್ದಿತ್ತು. ಹಾಗಾಗಿ ಬುಧವಾರ ಸಂಜೆ ನಮ್ಮೂರಿನ ಗ್ರೂಪಿನಲ್ಲಿ ನಾಯಿಯ ಫೋಟೋ ಜೊತೆ "ಇದನ್ನು ತಿರುಗಾಡಿಸುತ್ತಿದ್ದ ಮಹಿಳೆ ಬೆಳಿಗ್ಗೆಯಿಂದ ಕಾಣೆ" ಎಂದು ಬಂದಾಗ ಎಲ್ಲರ ಮನಸ್ಸಿಗೂ ಮೊದಲು ಬಂದದ್ದು ನೀರೇ. ಆ ಗ್ರೂಪು ಊರಿನ ಅರ್ಧ ಜನರ ಫೋನಿನಲ್ಲಿತ್ತು. ಕರೆಂಟ್ ಹೋಗುವುದು, ಕೊಳಾಯಿ ನೀರು ಬಿಡುವುದು, ಸಾವು, ನಾಮಕರಣ ಎಲ್ಲ ಅದರಲ್ಲೇ ತಿಳಿಯುತ್ತಿತ್ತು. ಅದನ್ನು ನಡೆಸುತ್ತಿದ್ದವನು ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ, ಮೂವತ್ತು ದಾಟಿದ ಒಬ್ಬ ಗೃಹಸ್ಥ. ವಿಡಿಯೋ ಚಾನೆಲ್ಲೂ ಇತ್ತು ಅವನದು. ಕೆಟ್ಟವನೆಂದು ನಾನು ಹೇಳಲಾರೆ. ಹಿಂದೊಮ್ಮೆ ಮರೆವಿನ ಕಾಯಿಲೆಯ ಮುದುಕರೊಬ್ಬರು ದಾರಿ ತಪ್ಪಿ ಹೋದಾಗ ಅವನ ವಿಡಿಯೋದಿಂದಲೇ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಮುಂದೆ ಸಿಕ್ಕಿದ್ದರು.

ಗುರುವಾರ ಬೆಳಿಗ್ಗೆ ಯಜಮಾನಿಯೇ ಕುಂಟುತ್ತಾ ನಾಯಿಯನ್ನು ನಮ್ಮಲ್ಲಿಗೆ ತಂದರು. ಅದರ ಮುಂಗಾಲಿನ ಪಾದ ಸೀಳಿತ್ತು. ಹೊಟ್ಟೆಯ ಕೂದಲಿಗೆ ಉತ್ತರಾಣಿ ಕಡ್ಡಿ ಮೆತ್ತಿಕೊಂಡಿತ್ತು. ಒಂದು ಪಕ್ಕೆಗೆ ಕಪ್ಪಗೆ ಗ್ರೀಸಿನಂಥ ಜಿಡ್ಡು ಬಳಿದಿತ್ತು. ಅದನ್ನು ಸೋಪು ಹಾಕಿ ಒರೆಸಿದೆ. ಹೊರಗೆ ಹಾಲಿನ ಲಾರಿ ಹಾರನ್ ಹೊಡೆದಾಗ ನಾಯಿ ಮೇಜಿನಿಂದ ಧುಮುಕಿ ಬೀರುವಿನ ಸಂದಿಗೆ ನುಗ್ಗಿತು. ಸೂಜಿಗೆ ಹೆದರಿತೆಂದುಕೊಂಡೆ. ನನ್ನ ಕಣ್ಣೆದುರಿಗೇ ಇದ್ದ ಆ ಎರಡು ಸಂಗತಿಗಳನ್ನು ನಾನು ಓದಲಿಲ್ಲ.

"ಪೊಲೀಸ್ನೋರು ಹುಡುಕ್ತಿದಾರಮ್ಮ" ಎಂದರು ಯಜಮಾನಿ. "ನಾನೇ ಅವಳಿಗೆ ನೀರಿನ ಹತ್ರ ಹೋಗ್ಬೇಡ ಅಂತ ಎಷ್ಟು ಸಲ ಹೇಳಿದ್ದೆ. ಅವಳ ಮಗಳಿಗೆ ಏನು ಉತ್ತರ ಕೊಡ್ಲಿ?"

ಅವತ್ತು ಇಡೀ ದಿನ ಗ್ರೂಪು ನಿಲ್ಲಲಿಲ್ಲ. ಅಗ್ನಿಶಾಮಕದವರು ಚೆಕ್ ಡ್ಯಾಮಿನಲ್ಲಿ ಹಗ್ಗ ಬಿಟ್ಟು ಹುಡುಕುತ್ತಿದ್ದ ಫೋಟೋಗಳು ಬಂದವು. ದಡದಲ್ಲಿ ಸಿಕ್ಕ ಒಂದು ಜೊತೆ ಚಪ್ಪಲಿಯ ಫೋಟೋ ಬಂತು. ಅದು ಅವಳದೇ ಎಂದು ಹತ್ತು ಜನ ಹೇಳಿದರು. ನಮ್ಮಮ್ಮನದಲ್ಲ ಎಂದು ಮಗಳು ಬರೆದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಬ್ಬ, ಬುಧವಾರ ಆ ಕಡೆ ಸೈಕಲ್ ಹೊಡೆಯುವಾಗ ಕಿರುಚಾಟ ಕೇಳಿತ್ತು ಎಂದ. ಇನ್ನೊಬ್ಬ, ಕದ್ದು ಮರಳು ತೆಗೆಯುವವರನ್ನು ಅವಳು ನೋಡಿಬಿಟ್ಟಿರಬೇಕು ಎಂದ. ಯಾರದೋ ಜೊತೆ ಹೋಗಿರಬಹುದಲ್ಲವೆ ಎಂದು ಒಬ್ಬಳು ಹೆಂಗಸೇ ಬರೆದಳು. ಯಾರೋ ನದಿಯ ನಕ್ಷೆ ತೆಗೆದು ಅದರ ಮೇಲೆ ಕೆಂಪು ಗೆರೆ ಎಳೆದು, ನಾಯಿ ಎಲ್ಲಿಂದ ಒಬ್ಬಂಟಿಯಾಗಿ ಓಡಿ ಬಂದಿರಬೇಕೆಂದು ಗುರುತು ಹಾಕಿದ. ಹೀಗೆ ಬರೆದ ಒಬ್ಬರಿಗೂ ಅವಳ ಮುಖ ಸರಿಯಾಗಿ ಗೊತ್ತಿರಲಿಲ್ಲ, ಆದರೂ ಅವಳು ಏನು ಮಾಡಿರುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನೂ ಊಟ ಮಾಡುತ್ತಾ, ರೊಟ್ಟಿ ಬೇಯಿಸುತ್ತಾ ಓದಿದೆ. ನನ್ನ ಯಜಮಾನರು, "ಅದನ್ನ ಕೆಳಗಿಡೇ, ಸ್ಟವ್ ಮೇಲೆ ಕೈ ಇಟ್ಕೊಳ್ತೀಯ" ಎಂದರು.

ಶುಕ್ರವಾರ ಬೆಳಿಗ್ಗೆ ಅಂಗಡಿಯವನು ಒಂದು ಫೋಟೋ ಹಾಕಿದ. ಹೊಳೆಯ ದಂಡೆಯಲ್ಲಿ ಪಕ್ಕದ ಹಳ್ಳಿಗೆ ಕುಡಿಯುವ ನೀರು ಹತ್ತಿಸುವ ಪಂಪ್‌ಹೌಸ್ ಇದೆ. ಅದರ ಬಾಗಿಲ ಚಿಲಕಕ್ಕೆ ನಾಯಿಯ ಚೈನು ನೇತುಹಾಕಿತ್ತು. ಯಜಮಾನಿ ಅದು ತಮ್ಮದೇ ಎಂದು ಗುರುತಿಸಿದ್ದರು. ಪಂಪ್‌ಹೌಸಿನಲ್ಲಿ ದಿನವೂ ಇರುತ್ತಿದ್ದವನು ನೀರುಗಂಟಿ. ಅಂದರೆ ಹಳ್ಳಿಗೆ ಮೋಟಾರು ಹಾಕಿ, ಓಣಿಓಣಿಗೆ ವಾಲ್ವ್ ತಿರುಗಿಸಿ ನೀರು ಬಿಡುವ ಪಂಚಾಯ್ತಿ ಕೆಲಸಗಾರ. ಅರವತ್ತರ ಹತ್ತಿರದ ಮನುಷ್ಯ.

ಫೋಟೋ ಕೆಳಗೆ ಅಂಗಡಿಯವನು ನನ್ನ ಹೆಸರು ಹಾಕಿ ಕೇಳಿದ. "ಡಾಕ್ಟರ್ ಮೇಡಂ, ನಾಯಿ ತಾನಾಗೇ ಚೈನು ಬಿಡಿಸ್ಕೊಳ್ಳೋಕೆ ಆಗುತ್ತಾ?"

ಫೋಟೋ ದೊಡ್ಡದು ಮಾಡಿ ನೋಡಿದೆ. ಸ್ಟೀಲಿನ ಚೈನು, ತುದಿಯಲ್ಲಿ ಸ್ಪ್ರಿಂಗಿನ ಕೊಂಡಿ. ಎಲ್ಲೂ ಕಡಿದಿಲ್ಲ, ಕೊಂಡಿ ಬಾಗಿಲ್ಲ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಟೈಪ್ ಮಾಡಿದೆ. "ಇಂಥ ಕೊಂಡಿಯನ್ನು ನಾಯಿ ಬಿಚ್ಚಿಕೊಳ್ಳಲು ಸಾಧ್ಯವೇ ಇಲ್ಲ. ಯಾರೋ ಮನುಷ್ಯರೇ ಕೈಯಿಂದ ಬಿಚ್ಚಿದ್ದಾರೆ." ಕಳಿಸಿದ ಮೇಲೆ ಒಂದು ಕ್ಷಣ ಸಂತೋಷವೂ ಆಯಿತು. ಎರಡು ದಿನದಲ್ಲಿ ಖಚಿತವಾದ ಮಾತು ಹೇಳಿದವಳು ನಾನೊಬ್ಬಳೇ ಎನ್ನುವ ಸಂತೋಷ.

ಅರ್ಧ ಗಂಟೆಯಲ್ಲಿ ನನ್ನ ಮಾತು ನನ್ನದಾಗಿ ಉಳಿದಿರಲಿಲ್ಲ. "ಪಶು ವೈದ್ಯರ ಪ್ರಕಾರ ಚೈನು ಬಿಚ್ಚಿದ್ದು ಮನುಷ್ಯ." "ಚೈನು ಸಿಕ್ಕಿದ್ದು ನೀರುಗಂಟಿ ಹತ್ತಿರ." "ನಾಯಿಯನ್ನು ಬಿಟ್ಟು ಓಡಿಸಿ ಆಮೇಲೆ ಏನು ಮಾಡಿದ?" ಯಾರೋ ಅವನ ಹಳೆಯ ಫೋಟೋ ಹುಡುಕಿ ಹಾಕಿದರು. ಕಣ್ಣು ಕೆಂಪಗಿದೆ ನೋಡಿ, ಎಂದು ಅದಕ್ಕೊಂದು ಉತ್ತರ. ಒಂದು ಕಾಲದಲ್ಲಿ ಅವನು ಹೆಂಡತಿಯ ಜೊತೆ ಜಗಳವಾಡಿದ್ದನಂತೆ. ಅಷ್ಟೇ ಸಾಕಾಯಿತು.

ಮಧ್ಯಾಹ್ನ ಒಂದು ಹಸುವಿಗೆ ಗ್ಲೂಕೋಸ್ ಹತ್ತಿಸುತ್ತಿದ್ದೆ. ಕರು ಹಾಕಿ ಏಳಲಾರದೆ ಬಿದ್ದುಕೊಂಡಿದ್ದ ಹಸು. ಒಂದು ಕೈಯಲ್ಲಿ ಬಾಟಲಿ ಎತ್ತಿ ಹಿಡಿದಿದ್ದೆ, ಜೇಬಿನಲ್ಲಿ ಫೋನು ಬಿಡದೆ ನಡುಗುತ್ತಿತ್ತು. ಹಸುವಿನ ಒಡೆಯ ತನ್ನ ಫೋನು ನೋಡಿ, "ಅಕ್ಕಾ, ನೀರುಗಂಟೀನ ಕಂಬಕ್ಕೆ ಕಟ್ಟವ್ರೆ. ಲೈವ್ ಬರ್ತೈತೆ" ಎಂದ.

ನೋಡಿದೆ. ಪಂಪ್‌ಹೌಸಿನ ಮುಂದಿನ ಕರೆಂಟ್ ಕಂಬ. ನಲವತ್ತು ಐವತ್ತು ಜನ. ಆ ಮನುಷ್ಯನ ಅಂಗಿ ಹರಿದಿತ್ತು. ಬಾಟಲಿಯನ್ನು ಒಡೆಯನ ಕೈಗೆ ಕೊಟ್ಟು, "ಮುಗಿಯೋವರ್ಗೂ ಇಳಿಸ್ಬೇಡ" ಎಂದು ಹೇಳಿ ಸ್ಕೂಟರ್ ಹತ್ತಿದೆ. ದಾರಿಯಲ್ಲಿ ನೂರಾ ಹನ್ನೆರಡಕ್ಕೆ ಫೋನು ಮಾಡಿದೆ. ಆಗಲೇ ಯಾರೋ ಮಾಡಿದ್ದರು, ಜೀಪು ಹೊರಟಿದೆ ಎಂದರು. ಹೊಳೆಯ ಏರಿ ಮೇಲಿನ ಕೆಸರಿನಲ್ಲಿ ಸ್ಕೂಟರ್ ಜಾರಿತು. ಬಿಟ್ಟು ನಡೆದೆ, ಆಮೇಲೆ ಓಡಿದೆ.

ಅಲ್ಲಿಗೆ ಹೋಗುವಷ್ಟರಲ್ಲಿ ಅವನು ಕೂಗುವುದನ್ನು ನಿಲ್ಲಿಸಿದ್ದ. ತುಟಿಯಿಂದ ರಕ್ತ ಇಳಿಯುತ್ತಿತ್ತು. ಬಲಗೈ ಹಗ್ಗದೊಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಇಪ್ಪತ್ತು ವರ್ಷ ಪ್ರಾಣಿಗಳ ಮೂಳೆ ನೋಡಿದವಳು ನಾನು, ಮುರಿದಿದೆ ಎಂದು ಒಂದೇ ನೋಟಕ್ಕೆ ತಿಳಿಯಿತು. ಅವನ ಹೆಂಡತಿ ಇಬ್ಬರು ಗಂಡಸರ ಕೈಯಲ್ಲಿ ಸಿಕ್ಕಿ ಕೊಸರಾಡುತ್ತಿದ್ದಳು.

"ದಾರಿ ಬಿಡ್ರೋ, ಡಾಕ್ಟ್ರಮ್ಮನೇ ಬಂದ್ರು!"

ಜನ ನನಗೆ ದಾರಿ ಬಿಟ್ಟರು. ಅದು ಇವತ್ತಿಗೂ ನನ್ನ ನಿದ್ದೆ ಕೆಡಿಸುತ್ತದೆ. ಮರ್ಯಾದೆಯಿಂದ ದಾರಿ ಬಿಟ್ಟರು. ಅಂಗಡಿಯವನು ಮೈಕು ನನ್ನ ಬಾಯಿಗೆ ಹಿಡಿದ. "ಮೇಡಂ, ಚೈನಿನ ವಿಷಯ ನೀವೇ ಜನಕ್ಕೆ ಹೇಳಿ."

"ಮೊದ್ಲು ಕಟ್ಟು ಬಿಚ್ಚಿ! ಕೈ ಮುರಿದಿದೆ ಅವ್ರದು. ಹೊಡೀಬೇಡಿ, ಪೊಲೀಸ್ನೋರಿಗೆ ಬಿಡಿ" ಎಂದೆ.

"ಅದ್ಸರಿ ಮೇಡಂ. ಚೈನು ಮನುಷ್ಯರೇ ಬಿಚ್ಚಿದ್ದು ತಾನೆ?"

ಸುತ್ತ ಫೋನುಗಳು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಏಕೆಂದರೆ ಅದು ನಿಜವೆಂದೇ ನಾನು ನಂಬಿದ್ದೆ, ಮತ್ತು ಇಷ್ಟು ಜನರ ಎದುರಿಗೆ ಹೇಳಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ನನಗೆ ಅಭ್ಯಾಸವಿರಲಿಲ್ಲ. "ಹೌದು, ಮನುಷ್ಯರೇ ಬಿಚ್ಚಿದ್ದು. ಆದ್ರೆ ಯಾರು ಅಂತ..." ಎನ್ನುವಷ್ಟರಲ್ಲಿ ಹಿಂದಿನಿಂದ ಗದ್ದಲ ಎದ್ದಿತು. ಒಬ್ಬ ನನ್ನ ಭುಜದ ಮೇಲಿಂದ ಕೈ ಚಾಚಿ ಆ ಮುದುಕನ ಕೆನ್ನೆಗೆ ಬಾರಿಸಿದ. ನಾನು ಅಡ್ಡ ನಿಂತೆ. ನನ್ನ ಕನ್ನಡಕ ಬಿದ್ದು ಯಾರದೋ ಕಾಲಡಿ ಪುಡಿಯಾಯಿತು. ಅವನ ಹೆಂಡತಿ ಹೇಗೋ ಬಿಡಿಸಿಕೊಂಡು ಬಂದು ಗಂಡನನ್ನು ತಬ್ಬಿ ನಿಂತಳು. ನಾವಿಬ್ಬರೂ ಅವನಿಗೆ ಅಡ್ಡವಾಗಿ ನಿಂತಿದ್ದು ಐದು ನಿಮಿಷವಿರಬಹುದು. ಆಮೇಲೆ ಏರಿಯ ಮೇಲೆ ಜೀಪು ಕಂಡಿತು, ಜನ ಚದುರಿದರು. ಪೊಲೀಸರು ಹಗ್ಗ ಕೊಯ್ದು ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರು.

ಸಂಜೆ ಚಾನೆಲ್ಲಿನಲ್ಲಿ ಬಂದ ತುಣುಕಿನಲ್ಲಿ ನಾನು ಹೇಳುವುದು ಒಂದೇ ಮಾತು. "ಹೌದು, ಮನುಷ್ಯರೇ ಬಿಚ್ಚಿದ್ದು." ಅಲ್ಲಿಗೆ ಕತ್ತರಿಸಿದ್ದರು.

ಗ್ರೂಪಿನಲ್ಲಿದ್ದ ನನ್ನ ಮೆಸೇಜನ್ನು ಅಳಿಸಿದೆ. ಅಳಿಸಿದ್ದು ಯಾಕೆ ಎಂದು ಮೂವರು ಕೇಳಿದರು. ಅದರ ಚಿತ್ರ ತೆಗೆದಿಟ್ಟುಕೊಂಡಿದ್ದವರು ಮತ್ತೆ ಹಾಕಿದರು. ನನ್ನ ಯಜಮಾನರು ತಟ್ಟೆ ಮುಂದೆ ಇಟ್ಟು, ತಿನ್ನು ಎಂದರು. ನಾನು ತಟ್ಟೆಯನ್ನು ಹಾಗೇ ಮುಚ್ಚಿಟ್ಟೆ.

ಶನಿವಾರ ರಜೆ ಹಾಕಿ ಬೆಳಿಗ್ಗೆಯೇ ಆಸ್ಪತ್ರೆಗೆ ಹೋದೆ. ನೀರುಗಂಟಿಯ ವಾರ್ಡಿನ ಬಾಗಿಲಲ್ಲಿ ಪೊಲೀಸ್ ಪೇದೆ ಕೂತಿದ್ದ. ನನ್ನ ಗುರುತಿತ್ತು, ಒಳಗೆ ಬಿಟ್ಟ. ಮಂಚದ ಮೇಲಿನ ಮನುಷ್ಯನ ಒಂದು ಕಣ್ಣು ಊದಿ ಮುಚ್ಚಿತ್ತು. ನಾನು ಯಾರೆಂದು ಹೇಳಿದೆ.

"ಗೊತ್ತು ತಾಯಿ" ಎಂದ. "ನಮ್ ಮ್ಯಾಕೆಗೆ ನೀವೇ ಸೂಜಿ ಹಾಕಿದ್ರಿ."

"ಚೈನು ನಿಮ್ಮ ಹತ್ರ ಎಂಗೆ ಬಂತು?"

ಅವನು ಸರಿಯಿರುವ ಕಣ್ಣನ್ನು ನನ್ನ ಕಡೆ ತಿರುಗಿಸಿದ. ಮೂರು ದಿನದಲ್ಲಿ ಪೊಲೀಸರನ್ನು ಬಿಟ್ಟು ಬೇರೆ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ.

"ಆಯಮ್ಮ ದಿನಾ ಬಿಚ್ತಿತ್ತು ಕಣಮ್ಮ. ಏರಿ ಮ್ಯಾಲೆ ಬಂದ ತಕ್ಷಣ ನಾಯೀನ ಬಿಟ್ಬಿಡ್ತಿತ್ತು. 'ಪಾಪ, ಇಡೀ ದಿನ ಆ ಗೇಟ್ನೊಳಗೇ ಇರ್ತೈತೆ, ಒಂದು ಗಳಿಗೆ ಓಡಾಡ್ಲಿ ಅಣ್ಣಾ, ನಮ್ಮ ಅಮ್ಮೋರಿಗೆ ಹೇಳ್ಬೇಡ' ಅಂತಿತ್ತು. ಚೈನು ಜಾಲಿ ಗಿಡಕ್ಕೆ ನೇತಾಕೋದು, ವಾಪಸ್ ಹೋಗಬೇಕಾದ್ರೆ ಹಾಕ್ಕೊಂಡು ಹೋಗೋದು. ಅವತ್ತು ಚೈನು ಅಲ್ಲೇ ಉಳಕಂತು. ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅಂತ ನಾನೇ ತಂದು ಬಾಗ್ಲಿಗೆ ಹಾಕ್ದೆ."

"ಅವತ್ತು ಏನಾಯ್ತು ಅಂತ ನೋಡಿದ್ರಾ?"

"ನಾನು ಮೋಟ್ರು ಹಾಕ್ತಿದ್ದೆ. ನಾಯಿ ಹಂದಿ ಹಿಂದೆ ಬಿತ್ತು. ರೋಡ್ ಕಡೆ ಓಡ್ತು. ಆಯಮ್ಮ ಕೂಕ್ಕೊಂಡು ಅದರ ಹಿಂದೆ ಓಡ್ತು. ಅಷ್ಟೇ ನಾನು ಕಂಡಿದ್ದು. ಕಂಬಕ್ಕೆ ಕಟ್ಟಿದಾಗ ಇದೇ ಹೇಳ್ದೆ ತಾಯಿ, ಯಾರೂ ಕೇಳಿಸ್ಕಳ್ಲಿಲ್ಲ."

ರೋಡ್ ಕಡೆ. ಮೂರು ದಿನ ಊರೆಲ್ಲ ನೀರು ನೋಡುತ್ತಿತ್ತು. ನಾಯಿಯ ಪಕ್ಕೆಗೆ ಮೆತ್ತಿದ್ದ ಗ್ರೀಸು, ಲಾರಿಯ ಹಾರನ್ನಿಗೆ ಅದು ಬೀರುವಿನ ಸಂದಿಗೆ ನುಗ್ಗಿದ್ದು, ಎರಡೂ ಒಟ್ಟಿಗೆ ನೆನಪಾದವು. ಬಾಗಿಲ ಪೇದೆಗೆ ಅಷ್ಟನ್ನೂ ಹೇಳಿದೆ. ಅವನು ಠಾಣೆಗೆ ಫೋನು ಮಾಡಿದ. ನೀರುಗಂಟಿಯ ಹೇಳಿಕೆ ಹಿಂದಿನ ಸಂಜೆಯೇ ಬಂದಿದೆ, ರಸ್ತೆಯ ಕಡೆಯೂ ವಿಚಾರಿಸಲು ಜನ ಹೊರಡುತ್ತಿದ್ದಾರೆ ಎಂದರಂತೆ. ನಾನು ಕಾಯಲಾರದೆ ಅಕ್ಕನ ಮನೆಗೆ, ಅವಳ ಮಗಳ ಹತ್ತಿರ ಹೋದೆ.

ಆ ಹುಡುಗಿ ಬಾಗಿಲಲ್ಲೇ ನಿಂತಳು. ನಿದ್ದೆಯಿಲ್ಲದೆ ಕಣ್ಣು ಗುಳಿಬಿದ್ದಿದ್ದವು. "ಏನ್ ಆಂಟಿ, ಬಾಡಿ ಸಿಕ್ತಾ?" ಎಂದಳು. ಅಷ್ಟು ನೇರವಾಗಿ.

"ಇಲ್ಲಮ್ಮ. ನಿಮ್ಮಮ್ಮ ನೀರಿನ ಹತ್ರ ಹೋಗೇ ಇಲ್ಲ ಅನ್ಸುತ್ತೆ. ಬಾ, ರೋಡ್ನಾಗೆ ಕೇಳ್ಕೊಂಡು ಹೋಗಣ."

ಹಿಂದೂಪುರದ ರಸ್ತೆ ಹೊಳೆಗೆ ಹತ್ತಿರವಾಗುವ ತಿರುವಿನಲ್ಲಿ ಒಂದು ಇಡ್ಲಿ ಗುಡಿಸಲಿದೆ. ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ಹೋಗುವ ಹೆಂಗಸು ಅದನ್ನು ನಡೆಸುತ್ತಾಳೆ. ನಾವು ಹೋದಾಗ ಪಾತ್ರೆ ತೊಳೆಯುತ್ತಿದ್ದಳು. ಫೋನಿನಲ್ಲಿದ್ದ ತಾಯಿಯ ಫೋಟೋವನ್ನು ಮಗಳು ತೋರಿಸಿದಳು.

"ಮುಖ ನೋಡ್ಲಿಲ್ಲಮ್ಮ ನಾನು" ಎಂದಳು ಆಕೆ. "ಬುಧವಾರನೋ ಏನೋ, ಧಡ್ ಅಂತ ಶಬ್ದ ಬಂತು. ಹೊರಗೆ ಬರೋಷ್ಟ್ರಲ್ಲಿ ಟೊಮೇಟೊ ಗಾಡಿಯೋನು ಯಾರನ್ನೋ ಎತ್ತಿ ಹಿಂದೆ ಮಲಗಿಸ್ತಿದ್ದ. ಹಸಿರು ಸೀರೆ. 'ಆಸ್ಪತ್ರಿಕಿ ತೀಸ್ಕಪೋತಾನು', ಆಸ್ಪತ್ರೆಗೆ ಕರ್ಕಂಡ್ ಹೋಗ್ತೀನಿ ಅಂದ, ಆ ಕಡೆ ಹೊಡ್ಕಂಡು ಹೋದ." ಆ ಕಡೆ ಎಂದು ಕೈ ತೋರಿಸಿದ್ದು ಹಿಂದೂಪುರದ ದಿಕ್ಕಿಗೆ.

"ಯಾರಿಗೂ ಹೇಳ್ಲಿಲ್ವಾ ನೀವು?"

"ಯಾರು ಕೇಳಿದ್ರಮ್ಮ? ನಂದು ಈ ಬಟನ್ ಫೋನು. ಹೊಳೆಗೆ ಬಿದ್ದೋಳು ಬೇರೆ ಯಾರೋ ಅಂದ್ಕಂಡೆ."

ಹಸಿರು ಸೀರೆ ಎಂಬ ಮಾತಿಗೇ ಮಗಳು ರಸ್ತೆಯಲ್ಲಿ ಕುಸಿದು ಕೂತಿದ್ದಳು. ಅವಳನ್ನು ಎಬ್ಬಿಸಿ ಸ್ಕೂಟರ್ ಹಿಂದೆ ಕೂರಿಸಿಕೊಂಡೆ. ಠಾಣೆಗೆ ಮತ್ತೆ ತಿಳಿಸಿದೆ. ಅಲ್ಲಿಂದ ಹಿಂದೂಪುರಕ್ಕೆ ಇಪ್ಪತ್ತು ಕಿಲೋಮೀಟರ್. ಅವಳ ಬೆರಳುಗಳು ನನ್ನ ಸೊಂಟವನ್ನು ನೋಯುವಂತೆ ಹಿಡಿದಿದ್ದವು. ಬದುಕಿದ್ದರೆ ಮೂರು ದಿನ ಯಾಕೆ ಫೋನು ಬರಲಿಲ್ಲ ಎಂದು ನನ್ನ ಮನಸ್ಸು ಕೇಳುತ್ತಲೇ ಇತ್ತು. ಅವಳ ಮನಸ್ಸೂ ಅದನ್ನೇ ಕೇಳುತ್ತಿತ್ತೆಂದು ಕಾಣುತ್ತದೆ, ಗಡಿಯ ಬೋರ್ಡು ದಾಟುವಾಗ ನನ್ನ ಬೆನ್ನಿಗೆ ಹಣೆ ಒತ್ತಿಕೊಂಡಳು.

ಮೊದಲನೆಯ ಆಸ್ಪತ್ರೆಯಲ್ಲಿ ಇಲ್ಲ ಎಂದರು. ಎರಡನೆಯದರಲ್ಲಿ ರಿಜಿಸ್ಟರ್ ನೋಡುತ್ತಿದ್ದ ನರ್ಸಿಗೆ ನಾನು ತೆಲುಗಿನಲ್ಲೇ ವಿವರಿಸಿದೆ. ನನ್ನ ತಾಯಿ ಚಿಂತಾಮಣಿ ಕಡೆಯವರು, ಅಂಬಾಜಿದುರ್ಗದ ತಪ್ಪಲಿನವರು, ಮನೆಯಲ್ಲಿ ತೆಲುಗೇ ಇತ್ತು. ಹಣೆಯ ಹಚ್ಚೆಯ ವಿಷಯ ಹೇಳಿದ ಕೂಡಲೇ ನರ್ಸ್ ತಲೆ ಎತ್ತಿದಳು. "ಆಮೆ ಮಾ ಊರಿ ಮನಿಷೇ ಅನುಕುನ್ನಾಮಮ್ಮಾ" ಎಂದಳು. ಅವಳನ್ನು ತಮ್ಮ ಕಡೆಯವಳೇ ಎಂದುಕೊಂಡಿದ್ದರು.

ಆದದ್ದು ಇಷ್ಟು. ತಲೆಗೆ ಪೆಟ್ಟಾಗಿ ಎರಡು ದಿನ ಅಕ್ಕನಿಗೆ ಪೂರ್ತಿ ಎಚ್ಚರವಿರಲಿಲ್ಲ. ಆಗಾಗ ಕಣ್ಣು ಬಿಟ್ಟಾಗ ಆಡಿದ್ದೆಲ್ಲ ತೆಲುಗು. ಊರು ಯಾವುದು ಎಂದರೆ ತಾನು ಹುಟ್ಟಿದ ಹಳ್ಳಿಯ ಹೆಸರು ಹೇಳಿದ್ದಳು. ಆಸ್ಪತ್ರೆಯವರು ಆ ಹಳ್ಳಿಗೆ ಹೇಳಿಕಳಿಸಿದ್ದರು. ಅಲ್ಲಿ ಅವಳ ಕಡೆಯವರು ಒಬ್ಬರೂ ಉಳಿದಿರಲಿಲ್ಲ. ಫೋನನ್ನು ಅವಳು ಮನೆಯಲ್ಲೇ ಚಾರ್ಜಿಗೆ ಹಾಕಿ ಬಂದಿದ್ದಳು.

ವಾರ್ಡಿನ ಕೊನೆಯ ಮಂಚ. ತಲೆಗೆ ಬಟ್ಟೆ, ಎಡಗಾಲಿಗೆ ಹಾಕಿದ ಕಟ್ಟು. ಮಗಳು ಅಮ್ಮಾ ಎಂದಾಗ ಅಕ್ಕ ನಿಧಾನಕ್ಕೆ ಕತ್ತು ಹೊರಳಿಸಿದಳು. ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.

"ಡ್ಯೂಟಿಗೆ ಹೋಗ್ಲಿಲ್ವಾ?" ಎಂದಳು ಮಗಳಿಗೆ, ಕನ್ನಡದಲ್ಲಿ.

ಮಗಳು ಅವಳ ಹೊಟ್ಟೆಯ ಮೇಲೆ ಮುಖವಿಟ್ಟು ಜೋರಾಗಿ ಅತ್ತಳು. ನರ್ಸ್ ಗದರಿಸಲು ಬಂದವಳು ಹಿಂದಕ್ಕೆ ಹೋದಳು. ಅಕ್ಕ ನನ್ನ ಕಡೆ ನೋಡಿ, "ನಾಯಿ?" ಎಂದಳು.

"ಮನೇಲಿದೆ ಅಕ್ಕಾ. ಕಾಲಿಗೆ ಸ್ವಲ್ಪ ಏಟು, ಕಟ್ಟು ಹಾಕಿದೀನಿ."

"ಅಮ್ಮೋರಿಗೆ ಹೇಳ್ಬೇಡಿ, ನಾನು ಬಿಚ್ಬಿಟ್ಟಿದ್ದು" ಎಂದಳು.

ನಾನು ಹೊರಗೆ ಬಂದು ಕಾರಿಡಾರಿನ ಗೋಡೆಗೆ ಒರಗಿ ನಿಂತೆ. ಅಲ್ಲಿಂದಲೇ ಗ್ರೂಪಿಗೆ ಬರೆದೆ. ಅವಳು ಜೀವಂತ ಇದ್ದಾಳೆ. ರಸ್ತೆಯಲ್ಲಿ ಗಾಡಿ ತಗುಲಿತ್ತು. ಕೊಂಡಿಯನ್ನು ದಿನವೂ ಅವಳೇ ಬಿಚ್ಚುತ್ತಿದ್ದಳು. ನೀರುಗಂಟಿ ಚೈನನ್ನು ಜೋಪಾನ ಮಾಡಿದ್ದ ಅಷ್ಟೆ. ನಾನು ಅರ್ಧ ತಿಳಿದು ಮಾತಾಡಿದ್ದರಿಂದ ಒಬ್ಬ ನಿರಪರಾಧಿಯ ಕೈ ಮುರಿಯಿತು, ತಪ್ಪು ನನ್ನದು. ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ದೇವರು ದೊಡ್ಡವನು ಎಂದು ಬಹಳ ಜನ ಬರೆದರು. ನೀರುಗಂಟಿಯ ಬಗ್ಗೆ ಬರೆದವರು ಇಬ್ಬರು. ಸ್ವಲ್ಪ ಹೊತ್ತಿಗೆ ಯಾರೋ, ಮೇಡಂ ನಮ್ಮ ಹಸು ಎರಡು ದಿನದಿಂದ ಮೇವು ಮುಟ್ಟುತ್ತಿಲ್ಲ ಎಂದು ಕೇಳಿದರು. ನಾನು ಆ ಗ್ರೂಪಿನಿಂದ ಹೊರಬಂದೆ.

ನೀರುಗಂಟಿ ಮನೆಗೆ ಬಂದ ಮೇಲೆ ಹೋಗಿ ಕಂಡೆ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಯಾಕ್ ಬಂದ್ರಿ?"

"ಆ ಮಾತು ಬರೆದೋಳು ನಾನೇ ಅಂತ ಹೇಳಕ್ಕೆ ಬಂದೆ ಕಣಮ್ಮ. ಕ್ಷಮಿಸಿ."

"ಗೊತ್ತು. ನನ್ ತಮ್ಮನ ಫೋನ್ನಾಗೆ ನಿಮ್ ದನಿ ಕೇಳಿದೀನಿ. ನನ್ ಜೊತೆ ಅಡ್ಡ ನಿಂತಿದ್ದೂ ನೋಡಿದೀನಿ. ಯಾವುದಂತ ನೆಪ್ಪಿಟ್ಕಳ್ಲಿ ನಾನು?"

ಒಳಗಿನಿಂದ ಅವನೇ, "ಬಿಡೇ, ಕೂತ್ಕಳ್ಲಿ" ಎಂದ. ಜಗಲಿಯ ಮೇಲೆ ಕೂತೆ. ಅವನು ಹೊರಬಂದು, ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. "ನೀವು ಬರ್ದಿದ್ದು ಸುಳ್ಳಲ್ಲ ತಾಯಿ. ಮನುಷ್ಯರೇ ಬಿಚ್ಚಿದ್ದು. ಯಾರು ಅಂತ ನನ್ನ ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ. ನಾನು ಅಲ್ಲೇ ಇದ್ದೆ."

ಅಲ್ಲಿಂದ ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆ. ಹೊಡೆದವರಲ್ಲಿ ನನಗೆ ಗುರುತಿದ್ದವರ ಹೆಸರು ಹೇಳಿದೆ, ಮೊಬೈಲ್ ಅಂಗಡಿಯವನದೂ ಸೇರಿಸಿ. ನನ್ನ ಮೆಸೇಜನ್ನೂ ಅಕ್ಷರ ಬಿಡದೆ ಬರೆಸಿದೆ. ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ನಿಲ್ಲಿಸಿ, "ಇದು ಬೇಕಾ ಮೇಡಂ? ನಿಮಗೇ ತೊಂದ್ರೆ" ಎಂದ. ಬರೀರಿ ಎಂದೆ. ಕೇಸು ನಡೆಯುತ್ತಿದೆ. ಕರೆದಾಗಲೆಲ್ಲ ಕೋರ್ಟಿಗೆ ಹೋಗಿ ಕಟ್ಟೆಯ ಮೇಲೆ ಕೂತು ಬರುತ್ತೇನೆ. ನನ್ನ ವಿರುದ್ಧ ಮಾತಾಡುವವರು ಊರಲ್ಲಿ ಹುಟ್ಟಿಕೊಂಡಿದ್ದಾರೆ. ಒಂದೆರಡು ಹಳ್ಳಿಗಳಲ್ಲಿ ದನಕ್ಕೆ ಹುಷಾರಿಲ್ಲದಿದ್ದರೆ ನನ್ನನ್ನು ಕರೆಯುವುದಿಲ್ಲ.

ಟೊಮೇಟೊ ಗಾಡಿಯವನು ಚಿಂತಾಮಣಿ ಮಂಡಿಗೆ ಬಂದಾಗ ಸಿಕ್ಕಿದನಂತೆ. ಹೆದರಿ ಹೆಸರು ಹೇಳದೆ ಬಿಟ್ಟು ಹೋಗಿದ್ದೆ ಎಂದು ಒಪ್ಪಿಕೊಂಡ. ಅಕ್ಕ ಈಗ ಕೋಲು ಹಿಡಿದು ನಡೆಯುತ್ತಾಳೆ, ಮನೆಗೆಲಸ ಬಿಟ್ಟಿದ್ದಾಳೆ. ಯಜಮಾನಿ ತಿಂಗಳಿಗೊಮ್ಮೆ ನಾಯಿಯನ್ನು ಆಟೋದಲ್ಲಿ ಅವಳ ಮನೆಗೆ ಕರೆತಂದು ಒಂದು ಗಂಟೆ ಕೂತು ಹೋಗುತ್ತಾರೆ.

ನೀರುಗಂಟಿಯ ಕೈ ಕೂಡಿಕೊಂಡಿತು, ಆದರೆ ವಾಲ್ವ್ ತಿರುಗಿಸುವ ಬಲ ಬರಲಿಲ್ಲ. ಪಂಚಾಯ್ತಿಯವರು ಆ ಕೆಲಸವನ್ನು ಅವನ ಹೆಂಡತಿಗೆ ಕೊಟ್ಟಿದ್ದಾರೆ. ಹಳ್ಳಿಗಳಿಗೆ ಸೂಜಿ ಹಾಕಲು ಹೋಗುವಾಗ ಬೆಳಿಗ್ಗೆ ಆ ದಾರಿಯಲ್ಲೇ ಹೋಗುತ್ತೇನೆ. ಆಕೆ ರಸ್ತೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಬ್ಬಿಣದ ಉದ್ದ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಿರುತ್ತಾಳೆ. ಸ್ಕೂಟರ್ ಸದ್ದಿಗೆ ತಲೆ ಎತ್ತಿ ನೋಡುತ್ತಾಳೆ. ನಾನು ವೇಗ ಕಡಿಮೆ ಮಾಡುತ್ತೇನೆ. ಆಕೆ ಇನ್ನೂ ಒಂದು ದಿನವೂ ಮಾತಾಡಿಸಿಲ್ಲ.